ಅಂಗೈಯಿಂದ ಅಂಕಪಟ್ಟಿಗೆ

(ದತ್ತಿ ಉಪನ್ಯಾಸ)



ತಮ್ಮ ಜೀವಮಾನದ ಸಂಪಾದನೆಯಲ್ಲಿ ಒಂದಂಶವನ್ನು ತೆಗೆದಿಟ್ಟು, ವಿದ್ಯಾವಿಷಯವಾದ ಒಂದು ಮಾತು ವರ್ಷಕ್ಕೊಮ್ಮೆಯಾದರೂ ಜನರ ಕಿವಿಗೆ ಬೀಳಲೆಂಬ ಸದುದ್ದೇಶದಿಂದ ಈ ದತ್ತಿಯನ್ನು ಸ್ಥಾಪಿಸಿದವರು ಸ್ವತಃ ಉಪಾಧ್ಯಾಯರಾಗಿದ್ದರೆಂಬುದು ತಮಗೆಲ್ಲ ತಿಳಿದ ಸಂಗತಿ. ಉಪಾಧ್ಯಾಯನ ಸಂಬಳದಲ್ಲಿ ಉಳಿತಾಯವೆಂಬುದು ಎಂಥ ದುರ್ಲಭ ವಸ್ತುವೆಂಬುದನ್ನು ಅನುಭವದಿಂದ ಬಲ್ಲ ನನಗೆ, ಅಂಥ ಹಣದಿಂದ ನಡೆಯುವ ಉಪನ್ಯಾಸಕ್ಕೆ ನಿಲ್ಲುವಾಗ ಒಂದು ಬಗೆಯ ಅಳುಕು ಸಹಜವಾಗಿಯೇ ಉಂಟಾಗುತ್ತದೆ. ನಾನು ಶಿಕ್ಷಣಶಾಸ್ತ್ರದ ಪಂಡಿತನಲ್ಲ. ಮೂವತ್ತೇಳು ವರ್ಷ ಸರ್ಕಾರಿ ಶಾಲೆಗಳಲ್ಲಿ ಸೀಮೆಸುಣ್ಣ ಹಿಡಿದು ನಿವೃತ್ತನಾದವನು. ಆದುದರಿಂದ ದೊಡ್ಡ ವಿಷಯಗಳನ್ನು ದೊಡ್ಡವರಿಗೆ ಬಿಟ್ಟು, ಮಗುವಿನ ಪಾಟಿಚೀಲದೊಳಗೆ ವರ್ಷಕ್ಕೆ ಮೂರು ನಾಲ್ಕು ಬಾರಿ ಶಾಲೆಯಿಂದ ಮನೆಗೆ ಹೋಗಿ, ಸಹಿಯನ್ನೋ ಹೆಬ್ಬೆಟ್ಟಿನ ಗುರುತನ್ನೋ ಹೊತ್ತು ಮರಳಿ ಬರುವ ಒಂದು ಸಣ್ಣ ರಟ್ಟಿನ ತುಂಡನ್ನೇ ಈ ದಿನದ ವಿಷಯವಾಗಿ ಆರಿಸಿಕೊಂಡಿದ್ದೇನೆ. ಅದನ್ನು ಪ್ರಗತಿಪತ್ರವೆಂದು ಇಲಾಖೆಯವರೂ, ಮಾರ್ಕ್ಸ್ ಕಾರ್ಡೆಂದು ಉಳಿದ ಲೋಕವೂ ಕರೆಯುವುದು ರೂಢಿ.

1

ಸುಮಾರು ನಲವತ್ತೈದು ವರ್ಷಗಳ ಹಿಂದಿನ ಮಾತು. ತುಮಕೂರು ಸೀಮೆಯ ಒಂದು ಹಳ್ಳಿಯ ಶಾಲೆಗೆ ಆಗತಾನೆ ಸೇರಿದ್ದ ನಾನು, ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ, ನಲವತ್ತೆರಡು ಮಕ್ಕಳ ಪ್ರಗತಿಪತ್ರಗಳನ್ನು ಲಾಂದ್ರದ ಬೆಳಕಿನಲ್ಲಿ ಒಂದೇ ರಾತ್ರಿ ಕುಳಿತು ಬರೆದು ಮುಗಿಸಿದೆ. ನೀಲಿ ಶಾಯಿಯಲ್ಲಿ ಅಂಕಗಳು. ಮೂವತ್ತೈದಕ್ಕೆ ಕಡಮೆಯಾದ ಕಡೆಯಲ್ಲಿ ಅಡಿಗೊಂದು ಕೆಂಪು ಗೆರೆ. ಎಲ್ಲಕ್ಕೂ ಕೊನೆಯಲ್ಲಿ ‘ಷರಾ’ ಎಂಬ ಒಂದು ಕಾಲಮ್ಮು. ಈ ಷರಾ ಕಾಲಮ್ಮಿಗಾಗಿ ನನ್ನ ಭಂಡಾರದಲ್ಲಿ ಮೂರೇ ಮೂರು ಮಾತುಗಳಿದ್ದುವು: ಉತ್ತಮ, ಸಾಧಾರಣ, ಇನ್ನೂ ಹೆಚ್ಚು ಶ್ರಮಿಸಬೇಕು. ಅಂಚೆಯ ಗುಮಾಸ್ತನು ಲಕೋಟೆಗಳ ಮೇಲೆ ಮೊಹರು ಹೊಡೆಯುವಂತೆ ಈ ಮೂರು ಮುದ್ರೆಗಳನ್ನು ನಲವತ್ತೆರಡು ಜೀವಗಳ ಮೇಲೆ ಒತ್ತಿ, ಕರ್ತವ್ಯ ಮುಗಿಯಿತೆಂಬ ತೃಪ್ತಿಯಿಂದ ಮಲಗಿದೆನೆಂದು ಹೇಳಲು ಈಗ ಸಂಕೋಚವಾಗುತ್ತದೆ.

ಮರುದಿನ ಬೆಳಗ್ಗೆ, ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳ ತಾಯಿ, ಕೂಲಿಗೆ ಹೋಗುವ ದಾರಿಯಲ್ಲಿ, ಶಾಲೆಯ ಜಗಲಿಯವರೆಗೆ ಬಂದಳು. ಹೆಬ್ಬೆಟ್ಟಿಗೆ ಶಾಯಿ ಹಚ್ಚುವ ಮುನ್ನ ಆಕೆ ಆ ಕಾರ್ಡನ್ನು ಎರಡು ಕೈಗಳಲ್ಲಿಯೂ ಹಿಡಿದು (ತಲೆಕೆಳಗಾಗಿ ಹಿಡಿದಿದ್ದಳೆಂದು ನೆನಪು) ಸ್ವಲ್ಪ ಹೊತ್ತು ನೋಡಿ, “ನಮ್ಮುಡುಗಿ ಏನು ಕಲ್ತವ್ಳೆ ಅಂತ ಇದ್ರಾಗೆ ಎಲ್ಲಿ ಬರ್ದೈತೆ ಮೇಷ್ಟ್ರೆ?” ಎಂದು ಕೇಳಿದಳು. ನಾನು ಕನ್ನಡವೆಂಬ ಸಾಲಿನ ಮೇಲೆ ಬೆರಳಿಟ್ಟು, “ನೂರಕ್ಕೆ ನಲವತ್ತೊಂದು ಬಂದಿದೆ, ಪಾಸಾಗಿದ್ದಾಳಮ್ಮ” ಎಂದೆ. “ಅದು ಸರಿ ಮೇಷ್ಟ್ರೆ, ಓದಾಕ್ ಬತ್ತದಾ?” ಎಂದಳು ಆಕೆ.

ನಿಜವನ್ನು ಹೇಳುವುದಾದರೆ, ನಲವತ್ತೊಂದು ಅಂಕಗಳನ್ನು ನಾನೇ ಕೊಟ್ಟಿದ್ದರೂ ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಾನು ತಡೆದುದನ್ನು ಕಂಡು, ಆಕೆ ಸೊಂಟದ ಎಲೆಅಡಿಕೆಯ ಚೀಲವನ್ನು ಬಿಚ್ಚಿ, ನಾಲ್ಕು ಮಡಿಕೆಯಾಗಿದ್ದ ಒಂದು ಕಾಗದವನ್ನು ಹೊರತೆಗೆದು ಮಗಳ ಕೈಗಿತ್ತಳು. ಅದು ಸೊಸೈಟಿಯಿಂದ ಬಂದಿದ್ದ ಸಾಲದ ನೋಟೀಸು. ಹುಡುಗಿ ಓದತೊಡಗಿದಳು. ‘ನಿಮಗೆ’, ‘ಸಾಲ’, ‘ಹಣ’ ಎಂಬಂಥ ಮಾತುಗಳ ಮೇಲೆ ಸಲೀಸಾಗಿ ಓಡಿದವಳು ‘ಮೇಲ್ಕಂಡ’ದಲ್ಲಿ ನಿಂತಳು, ‘ತಪ್ಪಿದ್ದಲ್ಲಿ’ಯಲ್ಲಿ ನಿಂತಳು, ‘ವ್ಯವಸ್ಥಾಪಕರು’ ಬಂದೊಡನೆ ಬಾಯಿ ಮುಚ್ಚಿ ನೆಲ ನೋಡಿದಳು. ತಾಯಿ ನನ್ನ ಕಡೆ ತಿರುಗಿ, “ಸಣ್ಣ ಮಾತೆಲ್ಲ ನೀರು ಕುಡ್ದಂಗೆ ಓದ್ತಾಳೆ, ಮಾತು ಗಂಟಾದ ತಾವ ನಿಂತ್ಕಂತಾಳೆ” ಎಂದಳು.

ಅಕ್ಷರವನ್ನೇ ಅರಿಯದ ಆ ಹೆಣ್ಣುಮಗಳು ಐದು ನಿಮಿಷದಲ್ಲಿ ಕಂಡುಹಿಡಿದುದನ್ನು ನಾನು ಐದು ತಿಂಗಳಾದರೂ ಕಂಡುಹಿಡಿದಿರಲಿಲ್ಲ. ಆಕೆ ಗಂಟೆಂದದ್ದು ನಮ್ಮ ವ್ಯಾಕರಣದ ಸಂಯುಕ್ತಾಕ್ಷರವನ್ನು. ಆ ಹುಡುಗಿಗೆ ಒತ್ತಕ್ಷರ ಬಿಡಿಸುವುದು ಬರುತ್ತಿರಲಿಲ್ಲ; ಉಳಿದುದೆಲ್ಲ ಬರುತ್ತಿತ್ತು. ವಿಚಾರಿಸಿ ನೋಡಿದರೆ ತರಗತಿಯಲ್ಲಿ ಇನ್ನೂ ಹತ್ತು ಹನ್ನೊಂದು ಮಕ್ಕಳ ಗಂಟು ಅದೇ. ಹದಿನೈದು ದಿನ ನಾನು ಬೇರೆಲ್ಲವನ್ನೂ ಬಿಟ್ಟು ಒತ್ತಕ್ಷರವನ್ನೇ ಕಲಿಸಿದೆ. ನಾನು ಬರೆದಿದ್ದ ‘ಇನ್ನೂ ಹೆಚ್ಚು ಶ್ರಮಿಸಬೇಕು’ ಎಂಬ ಷರಾ ಅನ್ವಯಿಸಬೇಕಾಗಿದ್ದುದು ಯಾರಿಗೆಂಬುದು ಆಗ ಸ್ಪಷ್ಟವಾಯಿತು.

ಮಗುವಿಗೆ ಏನು ಬರುತ್ತದೆ, ಗಂಟು ಎಲ್ಲಿದೆ, ಮುಂದಿನ ಹೆಜ್ಜೆ ಯಾವುದು ಎಂಬ ಮೂರನ್ನು ತಿಳಿಯುವುದು ಮೌಲ್ಯಮಾಪನ. ಆ ಮೂರನ್ನು ಮನೆಯವರ ಕಿವಿಗೆ ಮುಟ್ಟುವ ಮಾತಿನಲ್ಲಿ, ಸಾಧ್ಯವಾದರೆ ಅವರ ಕಣ್ಣೆದುರಿಗೇ, ತೋರಿಸಿಕೊಡುವುದು ವರದಿ. ಈ ದಿನ ನಾನು ಹೇಳಬೇಕೆಂದು ಬಂದಿರುವುದು ಇಷ್ಟೇ. ಮುಂದಿನದೆಲ್ಲ ಇದರ ವಿಸ್ತಾರ.

2

ಅಳೆಯುವ ಚಪಲವೂ ತಿಳಿಸುವ ಪದ್ಧತಿಯೂ ನಮ್ಮ ನಾಡಿಗೆ ಹೊಸವಲ್ಲ. 1822ರಲ್ಲಿ ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ ತನ್ನ ಆಧಿಪತ್ಯದ ಜಿಲ್ಲೆಗಳಲ್ಲಿದ್ದ ದೇಶೀಯ ಶಾಲೆಗಳ ಸ್ಥಿತಿಗತಿಗಳನ್ನು ಕುರಿತು ವಿಚಾರಣೆ ನಡೆಸಬೇಕೆಂದು ಆಜ್ಞಾಪಿಸಿದನು. ಅದರಂತೆ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ಒಪ್ಪಿಸಿದ ವರದಿ ಕೂಲಿಮಠಗಳೆನ್ನಿಸಿಕೊಂಡಿದ್ದ ನಮ್ಮ ಹಳೆಯ ಶಾಲೆಗಳ ಒಳಗನ್ನು ತೋರಿಸುವ ಅಪೂರ್ವ ದಾಖಲೆ. ಇಂದಿನ ಅನಂತಪುರ ಪ್ರಾಂತವನ್ನೂ ಒಳಗೊಂಡಿದ್ದ ಆ ದೊಡ್ಡ ಜಿಲ್ಲೆಯಲ್ಲಿ 533 ಶಾಲೆಗಳೂ ಅವುಗಳಲ್ಲಿ 6,641 ವಿದ್ಯಾರ್ಥಿಗಳೂ ಇದ್ದರೆಂದು ಆತನು ಲೆಕ್ಕ ಕೊಡುತ್ತಾನೆ. ಅವುಗಳಲ್ಲಿ ಕನ್ನಡ ಶಾಲೆಗಳು 235, ತೆಲುಗಿನವು 226. ಅಷ್ಟೂ ಮಕ್ಕಳಲ್ಲಿ ಹೆಣ್ಣುಮಕ್ಕಳು ಬರಿಯ ಅರುವತ್ತು ಮಂದಿ. ನಮ್ಮ ಹಿಂದಿನ ವ್ಯವಸ್ಥೆಯನ್ನು ಹೊಗಳುವ ಉತ್ಸಾಹ ಬಂದಾಗಲೆಲ್ಲ ಈ ಅರುವತ್ತನ್ನು ನೆನೆಯುವುದು ಲೇಸು.

ಆ ವರದಿಯಲ್ಲಿ ಒಂದು ಸಣ್ಣ ಚಿತ್ರವಿದೆ. ಬೆಳಗ್ಗೆ ಮಠಕ್ಕೆ ಎಲ್ಲರಿಗಿಂತ ಮೊದಲು ಬಂದ ಬಾಲಕನ ಅಂಗೈಯ ಮೇಲೆ ಗೌರವಚಿಹ್ನೆಯಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರಂತೆ. ಎರಡನೆಯವನ ಅಂಗೈಯ ಮೇಲೆ ಒಂದು ಸೊನ್ನೆ, ಹೊಗಳಿಕೆಗೂ ಬೈಗುಳಕ್ಕೂ ಆತನು ಪಾತ್ರನಲ್ಲವೆಂದು ಅದರ ಅರ್ಥ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಮುಂದೆ ಬಂದವರಿಗೆ ಒಂದೊಂದು ಹೆಚ್ಚು. ಇನ್ನು ಸೋಮಾರಿಗಳಿಗೆ, ಕೈ ಕಟ್ಟಿ ಮಾಡಿಗೆ ತೂಗಹಾಕುವ ಶಿಕ್ಷೆಯನ್ನೂ ಆತನು ವರ್ಣಿಸುತ್ತಾನೆ. ನಮ್ಮ ಅಜ್ಜಂದಿರು ಕೋದಂಡವೆಂದು ಹೆಸರಿಟ್ಟು, ಮುಪ್ಪಿನಲ್ಲಿ ನಗುನಗುತ್ತ ಹೇಳುತ್ತಿದ್ದುದು ಇದನ್ನೇ.

ಈ ಅಂಗೈಯ ಬರಹವನ್ನು ನಾನು ಅನೇಕ ಸಲ ಧ್ಯಾನಿಸಿದ್ದೇನೆ. ನಮ್ಮ ಇಂದಿನ ಪ್ರಗತಿಪತ್ರದ ಗುಣವೂ ದೋಷವೂ ಅದರಲ್ಲಿಯೇ ಬೀಜರೂಪವಾಗಿ ಇರುವಂತೆ ತೋರುತ್ತದೆ. ಸರಸ್ವತಿಯನ್ನು ಅಂಗೈಯಲ್ಲಿ ಹೊತ್ತು ಮಧ್ಯಾಹ್ನ ಮನೆಗೆ ಓಡಿಹೋಗಿ ತಾಯಿಗೆ ತೋರಿಸಿದ ಹುಡುಗನ ಹಿಗ್ಗನ್ನು ಯಾರು ತಾನೇ ಊಹಿಸಲಾರರು? ಆದರೆ ಆ ಪದ್ಧತಿಯ ತರ್ಕವನ್ನು ಸ್ವಲ್ಪ ಪರಿಶೀಲಿಸಿ. ಮಕ್ಕಳೆಲ್ಲರೂ ಕೋಳಿ ಕೂಗುವ ಹೊತ್ತಿಗೇ ಎದ್ದು ಬಂದರೂ ಅವರಲ್ಲಿ ಒಬ್ಬನು ಕೊನೆಯವನಾಗಲೇಬೇಕು. ಕೊನೆಯವನಾದವನು ಎಲ್ಲರಿಗಿಂತ ಹೆಚ್ಚು ಏಟು ತಿನ್ನಲೇಬೇಕು. ಮಗು ಎಷ್ಟು ಬೇಗ ಎದ್ದಿತೆಂಬುದಕ್ಕೆ ಅಲ್ಲಿ ಬೆಲೆಯಿಲ್ಲ. ಪಕ್ಕದ ಮನೆಯ ಹುಡುಗನಿಗಿಂತ ಬೇಗ ಎದ್ದಿತೇ ಎಂಬುದಕ್ಕೆ ಮಾತ್ರ ಬೆಲೆ. “ಕ್ಲಾಸಿಗೆ ಎಷ್ಟನೆಯವನು?” ಎಂದು ಇಂದಿಗೂ ನೆಂಟರಿಷ್ಟರು ಮಗುವನ್ನು ಕೇಳುವ ಪ್ರಶ್ನೆಯ ಮೂಲ ಇಲ್ಲಿದೆ. ಸ್ಥಾನವನ್ನು ಹೇಳಿದ ಮಾತ್ರಕ್ಕೆ ಸ್ಥಿತಿಯನ್ನು ಹೇಳಿದಂತಾಗುವುದಿಲ್ಲ. ನಲವತ್ತು ಮಕ್ಕಳಲ್ಲಿ ಮೂವತ್ತೆಂಟನೆಯವಳೆಂದು ತಿಳಿದ ತಾಯಿಗೆ ಮಗಳ ಒತ್ತಕ್ಷರದ ಗಂಟು ತಿಳಿಯಿತೇನು?

ಅದೇ ಕೂಲಿಮಠಗಳಲ್ಲಿ ಇನ್ನೊಂದು ಪದ್ಧತಿಯಿತ್ತು. ಮಹಾನವಮಿಯ ದಿನಗಳಲ್ಲಿ ಐಗಳು, ಎಂದರೆ ಮಠದ ಉಪಾಧ್ಯಾಯರು, ಮಕ್ಕಳನ್ನು ಕರೆದುಕೊಂಡು ಊರಿನ ಮನೆಮನೆಗೂ ಹೋಗಿ, ಪ್ರತಿಯೊಂದು ಬಾಗಿಲಿನಲ್ಲಿಯೂ ಅವರಿಂದ ಚೌಪದಿಗಳೆಂಬ ಪದ್ಯಗಳನ್ನು ಹೇಳಿಸುತ್ತಿದ್ದರು. ಮಕ್ಕಳು ರಾಗವಾಗಿ ಹೇಳಿದ ಮೇಲೆ ಮನೆಯವರು ಐಗಳಿಗೆ ದಕ್ಷಿಣೆಯನ್ನೋ ಧಾನ್ಯವನ್ನೋ ಕೊಟ್ಟು ಕಳುಹಿಸುವರು. ಇದು ಐಗಳ ಜೀವನೋಪಾಯದ ದಾರಿಯಾಗಿತ್ತೆಂಬುದು ದಿಟ. ಮಕ್ಕಳು ಹೇಳಿದ ಪದ್ಯದ ಅರ್ಥ ಮಕ್ಕಳಿಗೇ ತಿಳಿಯುತ್ತಿತ್ತೆಂದು ಪ್ರಮಾಣಮಾಡಿ ಹೇಳುವಂತಿಲ್ಲ. ಎಲ್ಲ ಕೇರಿಯ ಮಕ್ಕಳೂ ಆ ಸಾಲಿನಲ್ಲಿ ಇರಲಿಲ್ಲವೆಂಬುದು ಇನ್ನೂ ದೊಡ್ಡ ದಿಟ. ಇಷ್ಟನ್ನೂ ಒಪ್ಪಿದ ಮೇಲೆಯೂ ಒಂದು ವಿಶೇಷ ಉಳಿಯುತ್ತದೆ. ಅಲ್ಲಿ ಮನೆಯ ಬಾಗಿಲಿಗೆ ಬರುತ್ತಿದ್ದುದು ವಿದ್ಯೆಯ ಸುದ್ದಿಯಾಗಿರಲಿಲ್ಲ, ವಿದ್ಯೆಯೇ ಆಗಿತ್ತು. ಹೊಸ್ತಿಲ ಒಳಗೆ ಸೆರಗು ಹಿಡಿದು ನಿಂತ ಅನಕ್ಷರಸ್ಥ ತಾಯಿಯೂ ಮಗನ ಉಚ್ಚಾರಣೆ ಶುದ್ಧವಾಗಿದೆಯೇ, ನಡುವೆ ಮರೆತನೇ, ಮುಂದೆ ನಿಂತು ಹೇಳುವ ಧೈರ್ಯ ಬಂದಿದೆಯೇ ಎಂಬುದನ್ನು ತನ್ನ ಕಿವಿಯಿಂದಲೇ ಅಳೆಯಬಲ್ಲವಳಾಗಿದ್ದಳು. ಅದಕ್ಕೆ ಪ್ರತಿಯಾಗಿ ನಾವು ಆಕೆಗೆ ಕೊಟ್ಟಿರುವುದು, ಓದಲು ಬಾರದವರಿಗೆ ಓದಿನ ವಿಷಯವನ್ನು ಓದಿಯೇ ತಿಳಿಯಿರೆಂದು ಹೇಳುವ ಒಂದು ರಟ್ಟು.

3

ಬಾಗಿಲಿನಲ್ಲಿ ಹಾಡುತ್ತಿದ್ದ ಮಗು ರಟ್ಟಿನ ಮೇಲಿನ ಅಂಕವಾದುದು ಹೇಗೆ? ಇದರ ಹಿಂದೆ ಸರ್ಕಾರದ ಹಣದ ಲೆಕ್ಕವಿದೆ. 1862ರಲ್ಲಿ ಇಂಗ್ಲೆಂಡಿನ ರಾಬರ್ಟ್ ಲೋ ಎಂಬ ಮಂತ್ರಿಯು ಜಾರಿಗೆ ತಂದ ಪರಿಷ್ಕೃತ ಸಂಹಿತೆಯ ಪ್ರಕಾರ, ಇನ್‌ಸ್ಪೆಕ್ಟರು ವರ್ಷಕ್ಕೊಮ್ಮೆ ಬಂದು ಓದು, ಬರಹ, ಲೆಕ್ಕಗಳಲ್ಲಿ ಒಂದೊಂದು ಮಗುವನ್ನೂ ಪರೀಕ್ಷಿಸಿ, ತೇರ್ಗಡೆಯಾದ ತಲೆಗಳ ಲೆಕ್ಕದಲ್ಲಿ ಶಾಲೆಗೆ ಸಹಾಯಧನವನ್ನು ಗೊತ್ತುಮಾಡಬೇಕಾಗಿತ್ತು. ಫಲಿತಾಂಶಕ್ಕೆ ತಕ್ಕ ಸಂದಾಯವೆಂಬ ಈ ತತ್ತ್ವ ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಅದರ ಪರಿಣಾಮವನ್ನು ಕುರಿತು ಮಾತ್ರ, ಕವಿಯೂ ಶಾಲಾ ಇನ್‌ಸ್ಪೆಕ್ಟರನೂ ಆಗಿದ್ದ ಮ್ಯಾಥ್ಯೂ ಆರ್ನಾಲ್ಡನು ಮೊದಲಿನಿಂದಲೇ ಎಚ್ಚರಿಸಿ ವಿರೋಧಿಸಿದನು. ಮಕ್ಕಳು ಓದಲು ಕಲಿಯುವುದರ ಬದಲು ಪರೀಕ್ಷೆಗೆ ಬರುವ ಪುಸ್ತಕವನ್ನೇ ಬಾಯಿಪಾಠ ಮಾಡತೊಡಗಿದರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಪದ್ಧತಿ ಮದರಾಸು ಆಧಿಪತ್ಯಕ್ಕೂ ಬಂದಿತು. ಅಂದು ಬಳ್ಳಾರಿಯೂ ದಕ್ಷಿಣ ಕನ್ನಡವೂ ಆ ಆಧಿಪತ್ಯದಲ್ಲಿಯೇ ಇದ್ದುವು. 1904ರ ಭಾರತ ಸರ್ಕಾರದ ಶಿಕ್ಷಣನೀತಿ ನಿರ್ಣಯ ಇದನ್ನು ದೋಷಯುಕ್ತವೆಂದು ಬದಿಗಿರಿಸಿದರೂ, ಪದ್ಧತಿ ಹೋಯಿತೇ ಹೊರತು ಅದು ಬಿತ್ತಿದ ಮನೋಧರ್ಮ ಹೋಗಲಿಲ್ಲ. ಪರೀಕ್ಷೆಯೆಂದರೆ ಮೇಲಿನವರಿಗೆ ಲೆಕ್ಕ ಒಪ್ಪಿಸುವುದು ಎಂಬ ಭಾವನೆ ಅಂದಿನಿಂದ ನಮ್ಮ ಶಾಲೆಗಳ ರಕ್ತದಲ್ಲಿ ಬೆರೆಯಿತು. ಮಗುವಿನ ಅಂಕ ಮೊದಲು ಇಲಾಖೆಗೆ ಹೋಗುತ್ತದೆ. ಮನೆಗೆ ಹೋಗುವುದು ಅದರ ನಕಲು.

ಇನ್ನು ಆ ಅಂಕವಾದರೂ ತಕ್ಕಡಿಯ ಕಲ್ಲಿನಂತೆ ಸ್ಥಿರವಾದುದೇ? 1913ರಲ್ಲಿ ಅಮೆರಿಕೆಯ ಸ್ಟಾರ್ಚ್ ಮತ್ತು ಎಲಿಯಟ್ ಎಂಬ ವಿದ್ವಾಂಸರು ಒಂದೇ ರೇಖಾಗಣಿತದ ಉತ್ತರಪತ್ರಿಕೆಯ ಪ್ರತಿಗಳನ್ನು ನೂರಕ್ಕೂ ಮಿಕ್ಕ ಅಧ್ಯಾಪಕರಿಗೆ ಕಳುಹಿಸಿ ಅಂಕ ಕೊಡಿರೆಂದು ಕೇಳಿದರು. ಕವಿತೆಯ ಭಾವಾರ್ಥವಲ್ಲ, ರೇಖಾಗಣಿತ! ಬಂದ ಅಂಕಗಳು 28ರಿಂದ 92ರವರೆಗೆ ಹರಡಿದ್ದುವು. ಅದೇ ಹುಡುಗ ಒಬ್ಬರ ಕೈಯಲ್ಲಿ ನಪಾಸು, ಇನ್ನೊಬ್ಬರ ಕೈಯಲ್ಲಿ ಪ್ರತಿಭಾವಂತ. ಇದನ್ನು ಓದಿದ ದಿನ, ಮೂವತ್ತನಾಲ್ಕರ ಅಡಿಯಲ್ಲಿ ನಾನು ಎಳೆದಿದ್ದ ಕೆಂಪು ಗೆರೆಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದುವು. ಊಟಕ್ಕೆ ಮುಂಚೆ ತಿದ್ದಿದ ಕಟ್ಟಿಗೂ ಊಟದ ಮೇಲೆ ತಿದ್ದಿದ ಕಟ್ಟಿಗೂ ಇರುವ ಅಂತರವನ್ನು ಉಪಾಧ್ಯಾಯರಾದ ನಾವು ಬಲ್ಲೆವು, ಹೇಳುವುದಿಲ್ಲ ಅಷ್ಟೆ.

ಇಷ್ಟು ಹೇಳಿದ ಮಾತ್ರಕ್ಕೆ ಅಂಕಗಳನ್ನೆಲ್ಲ ಕೆರೆಗೆ ಎಸೆಯಬೇಕೆಂಬುದು ನನ್ನ ಅಭಿಪ್ರಾಯವೆಂದು ತಾವು ಭಾವಿಸಬಾರದು. ಎಸ್.ಎಸ್.ಎಲ್.ಸಿ.ಯಂಥ ಸಾರ್ವತ್ರಿಕ ಪರೀಕ್ಷೆಯಲ್ಲಿ ಉತ್ತರಪತ್ರಿಕೆಯ ಮೇಲೆ ಹೆಸರಿಲ್ಲ, ಜಾತಿಯಿಲ್ಲ, ತಂದೆಯ ಹುದ್ದೆಯಿಲ್ಲ; ನೋಂದಣಿ ಸಂಖ್ಯೆಯೊಂದೇ ಇರುವುದು. ಯಾರ ಶಿಫಾರಸೂ ಇಲ್ಲದ ಮನೆಯ ಎಷ್ಟೋ ಮಕ್ಕಳಿಗೆ 625ಕ್ಕೆ ಇಷ್ಟೆಂದು ಅಚ್ಚಾದ ಆ ಹಾಳೆಯೇ ಲೋಕದಲ್ಲಿ ಬಾಗಿಲು ತೆರೆಸಿದ ಏಕೈಕ ಸಾಕ್ಷಿಪತ್ರವಾಗಿದೆ. ಬಡವರು ಅಂಕವನ್ನು ನಂಬುವುದು ಅವಿವೇಕದಿಂದಲ್ಲ. ಆದರೆ ಹತ್ತನೆಯ ತರಗತಿಯ ಹೆಬ್ಬಾಗಿಲಲ್ಲಿ ಕಾವಲುಗಾರನಿರುವುದು ಯುಕ್ತವೆಂದು, ಒಂದನೆಯ ತರಗತಿಯಿಂದ ಹಿಡಿದು ದಾರಿಯುದ್ದಕ್ಕೂ ಹತ್ತು ಹೆಜ್ಜೆಗೊಬ್ಬ ಕಾವಲುಗಾರನನ್ನು ನಿಲ್ಲಿಸಿದರೆ, ದಾರಿ ತೋರಿಸುವವರು ಯಾರು?

4

ಕಾವಲು ಬೇರೆ, ದಾರಿ ತೋರಿಸುವುದು ಬೇರೆ ಎಂಬ ಈ ವಿವೇಕ ನಮ್ಮ ಶಾಸನಗಳಲ್ಲಿ ಇಲ್ಲದಿಲ್ಲ. 1967ರಲ್ಲಿ ಮೈಕೇಲ್ ಸ್ಕ್ರಿವೆನ್ ಎಂಬ ತತ್ತ್ವಜ್ಞನು, ಕೆಲಸ ನಡೆಯುತ್ತಿರುವಾಗಲೇ ಅದನ್ನು ತಿದ್ದುವುದಕ್ಕಾಗಿ ಮಾಡುವ ಮೌಲ್ಯಮಾಪನ ಬೇರೆ, ಮುಗಿದ ಮೇಲೆ ಅದರ ಬೆಲೆ ಕಟ್ಟುವುದಕ್ಕಾಗಿ ಮಾಡುವುದು ಬೇರೆ ಎಂದು ಭೇದವನ್ನು ಕಲ್ಪಿಸಿದನು. ನಮ್ಮ ಇಲಾಖೆಯ ಭಾಷೆಯಲ್ಲಿ ಅವು ರೂಪಣಾತ್ಮಕ ಮತ್ತು ಸಂಕಲನಾತ್ಮಕವೆಂಬ ಹೆಸರು ಪಡೆದಿವೆ. ಅಡುಗೆಯವಳು ಸಾರಿನ ಹನಿಯನ್ನು ಅಂಗೈಗೆ ಬಿಟ್ಟು ನೆಕ್ಕಿ ನೋಡಿ ಉಪ್ಪು ಹಾಕುವುದು ಮೊದಲನೆಯದು. ಉಂಡವರು ಎದ್ದು ಕೈತೊಳೆಯುವಾಗ ಆಡುವ ಮಾತು ಎರಡನೆಯದು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ನಿರಂತರವೂ ವ್ಯಾಪಕವೂ ಆದ ಮೌಲ್ಯಮಾಪನವನ್ನು ವಿಧಿಸಿತು. ಅಷ್ಟೇ ಮುಖ್ಯವಾದ, ಆದರೆ ಅಷ್ಟಾಗಿ ಯಾರೂ ಎತ್ತಿ ಹೇಳದ ಇನ್ನೊಂದು ವಿಧಿ ಅದರ 24ನೆಯ ಪ್ರಕರಣದಲ್ಲಿದೆ: ಉಪಾಧ್ಯಾಯನು ತಂದೆತಾಯಿಗಳೊಡನೆ ನಿಯತವಾಗಿ ಸಭೆ ಸೇರಿ, ಮಗುವಿನ ಹಾಜರಿ, ಕಲಿಯುವ ಶಕ್ತಿ, ಕಲಿಕೆಯಲ್ಲಿ ಆದ ಪ್ರಗತಿ, ಇವನ್ನು ಅವರಿಗೆ ತಿಳಿಸತಕ್ಕದ್ದು. ಮನೆಗೆ ತಿಳಿಸುವುದು ಉಪಾಧ್ಯಾಯನ ಔದಾರ್ಯವಲ್ಲ, ಶಾಸನೋಕ್ತ ಕರ್ತವ್ಯ.

ಈ ಕಾಯಿದೆ ಬರುವ ಎಷ್ಟೋ ಮುಂಚೆಯೇ ನಮ್ಮಲ್ಲಿ ಒಂದು ಸ್ವತಂತ್ರ ಪ್ರಯತ್ನ ನಡೆದಿತ್ತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ರಿಷಿವ್ಯಾಲಿ ವಿದ್ಯಾಸಂಸ್ಥೆಯ ಗ್ರಾಮೀಣ ಶಾಲೆಗಳಿಂದ ಸ್ಫೂರ್ತಿ ಪಡೆದು, ಯುನಿಸೆಫಿನ ನೆರವಿನಿಂದ ಪ್ರಾರಂಭವಾದ ನಲಿ-ಕಲಿಯಲ್ಲಿ, ಪಾಠಪುಸ್ತಕವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು, ಗೋಡೆಯ ಮೇಲೆ ಕಲಿಕಾ ಏಣಿಯಾಗಿ ಬರೆದು ನಿಲ್ಲಿಸಿದರು. ಮಗು ತಾನು ಯಾವ ಮೆಟ್ಟಿಲಲ್ಲಿದ್ದೇನೆಂಬುದನ್ನು ತಾನೇ ಏಣಿಯ ಮೇಲೆ ಬೆರಳಿಟ್ಟು ತೋರಿಸಬಲ್ಲದು. ಮುಗಿಸಿದ ಮೈಲಿಗಲ್ಲುಗಳನ್ನು ಪ್ರಗತಿನೋಟದಲ್ಲಿ ಗುರುತಿಸಬಲ್ಲದು. ಜ್ವರ ಬಂದು ಹದಿನೈದು ದಿನ ಮಲಗಿದ್ದ ಮಗು ಮರಳಿ ಬಂದಾಗ, ತರಗತಿ ಮುಂದೆ ಹೋಯಿತೆಂದು ಅಳಬೇಕಾಗಿಲ್ಲ. ತಾನು ಬಿಟ್ಟ ಮೆಟ್ಟಿಲಿನಿಂದಲೇ ಏರತೊಡಗಬಹುದು. ಪರೀಕ್ಷೆಯ ದಿನವೆಂಬುದೇ ಬೇರೆ ಇಲ್ಲದೆ, ಕಲಿಕೆಯೂ ಪರೀಕ್ಷೆಯೂ ಒಂದೇ ಹಾಸುಹೊಕ್ಕಿನಲ್ಲಿ ಸೇರಿದ ಈ ಕ್ರಮ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ವ್ಯಾಪಿಸಿತು. ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡ ಒಂಟಿ ಉಪಾಧ್ಯಾಯನಿಗೆ ಅದು ಎಷ್ಟರಮಟ್ಟಿಗೆ ಸಾಧ್ಯವಾಯಿತೆಂಬ ಪ್ರಶ್ನೆ ಬೇರೆ. ಆದರೂ ಗೋಡೆಯ ಆ ಏಣಿಯ ಮುಂದೆ ತಾಯಿಯನ್ನು ಕರೆದು ನಿಲ್ಲಿಸಿ, “ನೋಡಮ್ಮ, ಆವತ್ತು ಇಲ್ಲಿದ್ದಳು, ಈವತ್ತು ಇಲ್ಲಿದ್ದಾಳೆ” ಎಂದು ತೋರಿಸಿದಷ್ಟು ನಿಚ್ಚಳವಾದ ವರದಿಯನ್ನು ನನ್ನ ವೃತ್ತಿಜೀವನದಲ್ಲಿ ನಾನು ಕಂಡಿಲ್ಲ.

ದುರ್ದೈವವೆಂದರೆ, ಒಳ್ಳೆಯ ಯಾವ ಕ್ರಮವನ್ನಾದರೂ ನಮೂನೆಗಳಾಗಿ ಪರಿವರ್ತಿಸಿ ಕೊಲ್ಲುವ ಒಂದು ಸಾಮರ್ಥ್ಯ ನಮ್ಮಲ್ಲಿದೆ. ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಎಂದು ಗೊತ್ತಾದ ಕೂಡಲೇ ಸಾರಿನ ರುಚಿ ನೋಡುವ ಕೆಲಸ ಹೋಗಿ, ನಾಲ್ಕು ಸಣ್ಣ ಪರೀಕ್ಷೆ, ಎರಡು ದೊಡ್ಡ ಪರೀಕ್ಷೆ ಎಂಬಲ್ಲಿಗೆ ಬಂದು ನಿಂತಿತು. ಪ್ರತಿಯೊಂದು ಮಗುವಿನ ಬರಹ, ಚಿತ್ರ, ಲೆಕ್ಕಗಳನ್ನು ಕೂಡಿಡತಕ್ಕ ‘ಕೃತಿ ಸಂಪುಟ’ವೆಂಬ ಅತ್ಯುತ್ತಮ ಸಾಧನ ನಮ್ಮ ಕೈಯಲ್ಲಿದೆ. ಜೂನ್ ತಿಂಗಳ ವಕ್ರಾಕ್ಷರದ ಹಾಳೆಯನ್ನೂ ಫೆಬ್ರವರಿಯ ದುಂಡಕ್ಷರದ ಹಾಳೆಯನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ಯಾವ ತಂದೆಗೆ ತಾನೇ ವ್ಯಾಖ್ಯಾನ ಬೇಕು? ಆದರೆ ನಾನು ಕಂಡ ಅನೇಕ ಶಾಲೆಗಳಲ್ಲಿ ಆ ಸಂಪುಟಗಳು ಅಧಿಕಾರಿಗಳು ಬರುವವರೆಗೆ ಬೀರುವಿನಲ್ಲಿ ಬೀಗದೊಳಗಿದ್ದು, ಅವರು ಹೋದ ಮೇಲೆ ಮರಳಿ ಬೀರುವಿಗೇ ಹೋಗುತ್ತಿದ್ದುವು. ಮನೆಯ ದಾರಿಯನ್ನು ಅವು ಕಂಡುದಿಲ್ಲ. ಹಾಗೆಯೇ, ಶಿಕ್ಷಣ ಹಕ್ಕು ಕಾಯಿದೆಯಲ್ಲಿದ್ದ, ಮಗುವನ್ನು ಅನುತ್ತೀರ್ಣಗೊಳಿಸಬಾರದೆಂಬ ವಿಧಿಯನ್ನು ಮಗುವಿನ ಕಲಿಕೆಯನ್ನು ನೋಡಲೇ ಬೇಕಾಗಿಲ್ಲವೆಂದು ಅರ್ಥಮಾಡಿಕೊಂಡವರೂ ಉಂಟು. ಎಲ್ಲರ ಷರಾ ಕಾಲಮ್ಮಿನಲ್ಲಿಯೂ ‘ಉತ್ತಮ’ವೆಂದು ಬರೆಯುವ ಸುಳ್ಳು ದಯೆ, ಕೆಂಪು ಗೆರೆಯ ಕ್ರೌರ್ಯಕ್ಕಿಂತ ಕಡಮೆ ಅಪಾಯಕರವಾದುದೇನಲ್ಲ. 2019ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ ಐದನೆಯ ಮತ್ತು ಎಂಟನೆಯ ತರಗತಿಗಳಲ್ಲಿ ಪರೀಕ್ಷೆಯು ಮರಳಿ ಬರಲು ದಾರಿಯಾದುದಕ್ಕೆ ಈ ನಮ್ಮ ಅಲಕ್ಷ್ಯವೂ ಒಂದು ಕಾರಣವೆಂದು ನಾನು ಭಾವಿಸುತ್ತೇನೆ.

5

ಇನ್ನು ತಿಳಿಸುವ ಬಗೆಯನ್ನು ಕುರಿತು. ಇಸ್ರೇಲಿನ ರೂತ್ ಬಟ್ಲರ್ ಎಂಬ ವಿದುಷಿಯು 1988ರಲ್ಲಿ ಪ್ರಕಟಿಸಿದ ಒಂದು ಶೋಧನೆ ಉಪಾಧ್ಯಾಯರೆಲ್ಲರೂ ನೆನಪಿಡತಕ್ಕದ್ದು. ಆಕೆಯು ಕೆಲವು ಮಕ್ಕಳಿಗೆ ಅಂಕಗಳನ್ನು ಮಾತ್ರ ತಿಳಿಸಿದಳು; ಕೆಲವರಿಗೆ ಅವರ ಕೆಲಸವನ್ನು ಕುರಿತು ಒಂದೆರಡು ವಾಕ್ಯಗಳನ್ನು ಮಾತ್ರ; ಇನ್ನು ಕೆಲವರಿಗೆ ಎರಡನ್ನೂ. ವಾಕ್ಯ ಮಾತ್ರ ಪಡೆದ ಮಕ್ಕಳು ಮುಂದಿನ ಕೆಲಸದಲ್ಲಿ ಮೇಲಾದರು. ಅಂಕ ಮಾತ್ರ ಪಡೆದವರು ಹಾಗೆ ಮುಂದುವರಿಯಲಿಲ್ಲ. ಸೋಜಿಗವೆಂದರೆ, ಎರಡನ್ನೂ ಪಡೆದವರೂ ಅಷ್ಟೇ. ಅಂಕವೂ ವಾಕ್ಯವೂ ಒಂದೇ ಹಾಳೆಯಲ್ಲಿ ಬಂದರೆ ಅಂಕವು ವಾಕ್ಯವನ್ನು ನುಂಗಿಬಿಡುತ್ತದೆ. ಮನೆಯಲ್ಲಿಯೂ ನಡೆಯುವುದು ಇದೇ ಅಲ್ಲವೆ? ಕಾರ್ಡು ಬಂದೊಡನೆ ತಂದೆಯ ಕಣ್ಣು ಕೆಂಪು ಗೆರೆಯನ್ನು ಹುಡುಕುತ್ತದೆ. ಗೆರೆ ಸಿಕ್ಕರೆ ಕೈ ಮೇಲೇಳುತ್ತದೆ. ಸಿಗದಿದ್ದರೆ ಕೈ ಸಹಿ ಹಾಕುತ್ತದೆ. ಎರಡು ಪ್ರಸಂಗದಲ್ಲಿಯೂ ಷರಾ ಓದುವವರಿಲ್ಲ. ತಂದೆಯ ಸಹಿಯನ್ನು ತಾನೇ ಹಾಕಿಕೊಂಡು ಸಿಕ್ಕಿಬಿದ್ದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿದ ಪಾಪದಲ್ಲಿ ನನಗೂ ಪಾಲುಂಟು. ಆ ಕಳ್ಳಸಹಿಯೇ ನಮ್ಮ ವರದಿಯ ಮೇಲೆ ಆ ಹುಡುಗನು ಬರೆದ ಷರಾ ಎಂಬುದು ಅಂದು ನನಗೆ ಹೊಳೆಯಲಿಲ್ಲ.

ಈಗ ಕಾಲ ಬದಲಾಗಿದೆ. ಅಂಕಗಳು ಗಣಕದ ಮೂಲಕ ರಾಜಧಾನಿಗೆ ನಿಮಿಷದಲ್ಲಿ ತಲಪುತ್ತವೆ. ಪೇಟೆಯ ಶಾಲೆಗಳಲ್ಲಿ ತಾಯಿತಂದೆಯರ ಫೋನಿಗೆ ವಾಟ್ಸಾಪಿನಲ್ಲಿ ಬರುತ್ತವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು, ಉಪಾಧ್ಯಾಯರ ಮಾತಿನೊಂದಿಗೆ ಮಗುವು ತನ್ನನ್ನು ಕುರಿತು ಹೇಳುವ ಮಾತೂ ಸಹಪಾಠಿಗಳ ಮಾತೂ ಸೇರಿದ ಸಮಗ್ರ ಪ್ರಗತಿಪತ್ರವನ್ನು ಸೂಚಿಸಿ, ಅದು ಮನೆಗೂ ಶಾಲೆಗೂ ನಡುವಣ ಕೊಂಡಿಯಾಗಬೇಕೆಂದು ಆಶಿಸಿದೆ. ಆಶಯ ಶ್ಲಾಘ್ಯವಾದುದು. ಆದರೆ ವೇಗವಾಗಿ ತಲಪಿದ ಮಾತ್ರಕ್ಕೆ 41 ಎಂಬುದು ವಾಕ್ಯವಾಗುವುದಿಲ್ಲ. ಪುಟಗಳು ಹೆಚ್ಚಿದ ಮಾತ್ರಕ್ಕೆ ಗಂಟು ಎಲ್ಲಿದೆಯೆಂದು ತಿಳಿಯುವುದಿಲ್ಲ. ನಮ್ಮ ರಾಜ್ಯದಲ್ಲಿ ‘ಸಮುದಾಯದತ್ತ ಶಾಲೆ’ ಎಂಬ ಹೆಸರಿನಲ್ಲಿ ಪೋಷಕರನ್ನು ಶಾಲೆಗೆ ಕರೆದು ಮಕ್ಕಳ ಪ್ರಗತಿಯನ್ನು ಅವರ ಮುಂದಿಡುವ ಏರ್ಪಾಡು ನಡೆದುಬಂದಿದೆ. ನನ್ನ ಶಾಲೆಯಲ್ಲಿ ನಡೆದ ಅಂಥ ಮೊದಲನೆಯ ಸಭೆಯಲ್ಲಿ ನಾನು ಎದ್ದು ನಿಂತು ಒಬ್ಬೊಬ್ಬ ಮಗುವಿನ ಅಂಕಗಳನ್ನೂ ಎಲ್ಲರೆದುರಿಗೆ ಓದಿದೆ. ಮುಂದಿನ ಸಭೆಗೆ, ಯಾರ ಮಕ್ಕಳನ್ನು ಕುರಿತು ನಾವು ಮಾತನಾಡಬೇಕಾಗಿದ್ದಿತೋ ಅವರೇ ಬರಲಿಲ್ಲ. ಒಂದು ದಿನದ ಕೂಲಿಯನ್ನು ಬಿಟ್ಟು ಬಂದು, ಊರವರ ನಡುವೆ ತಲೆ ತಗ್ಗಿಸಿ ಕೂರಲು ಯಾರಿಗೆ ಮನಸ್ಸಾದೀತು?

ಆಮೇಲೆ ನಾವು ಮಾಡಿಕೊಂಡ ಮಾರ್ಪಾಡು ಬಹಳ ಸರಳವಾದುದು. ಸಭೆಯನ್ನು ಸಂಜೆಯ ಹೊತ್ತಿಗೆ, ಹೊಲದಿಂದ ಬಂದು ಕೈಕಾಲು ತೊಳೆದುಕೊಳ್ಳುವಷ್ಟು ಬಿಡುವಾದ ಮೇಲೆ, ಇಟ್ಟೆವು. ಒಂದೊಂದು ಮನೆಯವರಿಗೂ ಬೇರೆಬೇರೆಯಾಗಿ ಐದು ನಿಮಿಷ. ಆ ಐದು ನಿಮಿಷದಲ್ಲಿ ನಾವು ಮಾತನಾಡುವುದಕ್ಕೆ ಮೊದಲು ಮಗುವು ಏನಾದರೊಂದನ್ನು ಮಾಡಿ ತೋರಿಸಬೇಕು: ಒಂದು ಪುಟದ ಓದು, ಸಂತೆಯ ಒಂದು ಲೆಕ್ಕ, ಇಲ್ಲವೆ ತಾನು ಬರೆದ ನಾಲ್ಕು ಸಾಲು. ಬಳಿಕ ನಾವು ಮೂರು ವಾಕ್ಯ: ಇದು ಬರುತ್ತದೆ, ಇಲ್ಲಿ ಗಂಟಿದೆ, ಮುಂದಿನ ತಿಂಗಳು ಇದನ್ನು ಮಾಡುತ್ತೇವೆ. ಕೊನೆಗೆ ನಾವೇ ಅವರನ್ನು ಕೇಳುವುದು: “ಮನೆಯಲ್ಲಿ ಇವಳು ಏನು ಮಾಡುತ್ತಾಳೆ?” ಕುರಿಮಂದೆಯ ಲೆಕ್ಕವಿಡುವ ಹುಡುಗ, ಅಜ್ಜಿಯ ಮಾತ್ರೆಗಳನ್ನು ಹೊತ್ತುಹೊತ್ತಿಗೆ ಎಣಿಸಿ ಕೊಡುವ ಹುಡುಗಿ, ಹೀಗೆ ನಮ್ಮ ತರಗತಿಯಲ್ಲಿ ಸೊನ್ನೆಯೆಂದು ಕೂತಿದ್ದವರನ್ನು ನಾವು ಅರಿತದ್ದು ಆ ಪ್ರಶ್ನೆಯಿಂದ. ವರದಿಯೆಂಬುದು ಶಾಲೆಯಿಂದ ಮನೆಗೆ ಮಾತ್ರ ಹರಿಯತಕ್ಕದ್ದೆಂದು ಯಾವ ಶಾಸ್ತ್ರದಲ್ಲಿಯೂ ಬರೆದಿಲ್ಲ.

ಇದರಿಂದ ನಮ್ಮ ಶಾಲೆಯ ಫಲಿತಾಂಶ ತಾಲ್ಲೂಕಿಗೆ ಮೊದಲಾಯಿತೆಂದು ಹೇಳಿ ತಮ್ಮನ್ನು ಬೆರಗುಗೊಳಿಸಲಾರೆ, ಹಾಗೆ ಆಗಲಿಲ್ಲ. ಸಭೆಗೆ ಜನ ಬರತೊಡಗಿದರು, ಮಕ್ಕಳು ಕಾರ್ಡನ್ನು ಬಚ್ಚಿಡುವುದು ಕಡಮೆಯಾಯಿತು. ನನಗೆ ಇಷ್ಟು ಸಾಕಾಗಿತ್ತು.

6

ಮಹನೀಯರೆ, ಇನ್ನೂರು ವರ್ಷಗಳ ಹಿಂದೆ ಬಳ್ಳಾರಿಯ ಮಠದಲ್ಲಿ ಮೊದಲು ಬಂದವನ ಅಂಗೈಗೆ ಮಾತ್ರ ದೊರೆತ ಸರಸ್ವತಿಯು ಕೊನೆಗೆ ಬಂದವಳ ಅಂಗೈಗೂ ದೊರೆಯಬೇಕಾದರೆ, ಬಂದ ಸರದಿಯನ್ನು ಎಣಿಸುವುದನ್ನು ಬಿಟ್ಟು ಬಂದವಳ ಮುಖವನ್ನು ನೋಡಬೇಕು. ಶಾಸನಗಳು ಈ ಕೆಲಸಕ್ಕೆ ಅವಕಾಶ ಕಲ್ಪಿಸಿವೆ. ನೀತಿಗಳು ಅದನ್ನು ಹೊಗಳಿವೆ. ಮಾಡತಕ್ಕವರು ಮಾತ್ರ ನಲವತ್ತು ಮಕ್ಕಳ ಮುಂದೆ ನಿಂತಿರುವ ಉಪಾಧ್ಯಾಯ ಉಪಾಧ್ಯಾಯಿನಿಯರು. ಅವರ ಹೊರೆಯೇನೆಂಬುದನ್ನು ನಾನು ಬಲ್ಲೆ. ಆದುದರಿಂದ ಒಂದನ್ನು ಮಾತ್ರ ಬೇಡಿಕೊಳ್ಳುತ್ತೇನೆ.

ಸಭೆಯಲ್ಲಿರುವ ನನ್ನ ಕಿರಿಯ ಸಹೋದ್ಯೋಗಿಗಳ ಮೇಜಿನ ಮೇಲೆ ಈ ಅವಧಿಯ ಪ್ರಗತಿಪತ್ರಗಳು ಇನ್ನೂ ಬರೆಯದೆ ಉಳಿದಿದ್ದರೆ, ಈ ಬಾರಿ ಅವನ್ನು ಕೊನೆಯ ಕಾಲಮ್ಮಿನಿಂದ ಪ್ರಾರಂಭಿಸಿರಿ. ಅಂಕಗಳನ್ನು ತುಂಬುವ ಮೊದಲು, ಆ ಮಗುವಿಗೆ ಏನು ಬರುತ್ತದೆ, ಎಲ್ಲಿ ಗಂಟಿದೆಯೆಂಬುದನ್ನು ಷರಾ ಕಾಲಮ್ಮಿನಲ್ಲಿ, ಆ ಮಗುವಿನ ತಾಯಿಗೆ ಯಾರಾದರೂ ಓದಿ ಹೇಳಿದರೆ ತಿಳಿಯುವಂಥ ಕನ್ನಡದಲ್ಲಿ, ಒಂದು ವಾಕ್ಯ ಬರೆಯಿರಿ. ಬರೆಯಲು ಏನೂ ತೋರದೆ ಹೋದರೆ ಲೇಖನಿಯನ್ನು ಕೆಳಗಿಟ್ಟು, ಮರುದಿನ ಆ ಮಗುವನ್ನು ಹತ್ತಿರಕ್ಕೆ ಕರೆದು, ಐದು ನಿಮಿಷ ಓದಿಸಿ ಕೇಳಿರಿ.